ಯಾರು ಕೇಳಿಸಿಕೊಂಡರು, ಯಾರು ಸಹಿ ಹಾಕಿದರು?

ಕಳೆದ ಸಂಚಿಕೆಯಲ್ಲಿ ದೂರವಾಣಿ ಕದ್ದಾಲಿಕೆಯ ಕುರಿತ ಒಂದು ಪ್ರಶ್ನೆಗೆ ಉತ್ತರಿಸುತ್ತಾ, ‘ಭಯೋತ್ಪಾದನೆಯ ಕಾರಣ ಹೇಳಿ ಎಲ್ಲರ ಮೇಲೂ ಕಣ್ಣಿಡುವುದನ್ನು ನಾನು ಒಪ್ಪುವುದಿಲ್ಲ’ ಎಂದು ಬರೆದಿದ್ದೆ. ಆ ಒಂದು ಸಾಲಿಗೆ ಬಂದ ಪತ್ರಗಳೇ ಈ ಸಲ ಹೆಚ್ಚು. ಬೈದು ಬರೆದವರೂ ಇದ್ದಾರೆ. ಬಳ್ಳಾರಿ, ಕೊಪ್ಪಳ, ರಾಯಚೂರು ಜಿಲ್ಲೆಗಳಿಂದ ಬಂದ ನಾಲ್ಕು ಪತ್ರಗಳನ್ನು ಆರಿಸಿಕೊಂಡಿದ್ದೇನೆ.

ಪ್ರಶ್ನೆ: ಮೂವತ್ನಾಲ್ಕು ವರ್ಷ ಪಾಠ ಹೇಳಿ ನಿವೃತ್ತನಾದವನು ನಾನು. 2023ರ ಡಿಸೆಂಬರ್‌ನಲ್ಲಿ ರಾಷ್ಟ್ರೀಯ ತನಿಖಾ ಸಂಸ್ಥೆಯವರು ನಮ್ಮೂರಿನಲ್ಲಿ ಶೋಧ ನಡೆಸಿದಾಗ ‘ಬಳ್ಳಾರಿ ಮಾಡ್ಯೂಲ್’, ಅಂದರೆ ಬಳ್ಳಾರಿಯ ಶಂಕಿತ ಉಗ್ರರ ಗುಂಪು, ಎಂಬ ಹೆಸರು ದೇಶದ ಪತ್ರಿಕೆಗಳಲ್ಲೆಲ್ಲ ಬಂತು. ಮೂರು ತಿಂಗಳೊಳಗೆ ಬೆಂಗಳೂರಿನ ರಾಮೇಶ್ವರಂ ಕೆಫೆಯಲ್ಲಿ ಬಾಂಬ್ ಸಿಡಿಯಿತು. ಅದರ ಜಾಡು ಕೂಡ ನಮ್ಮ ಬಸ್ ನಿಲ್ದಾಣಕ್ಕೇ ಬಂತು. ಇಷ್ಟಾದ ಮೇಲೂ ಸರ್ಕಾರ ಫೋನ್ ಕೇಳಬಾರದು, ಕ್ಯಾಮೆರಾ ಇಡಬಾರದು ಎಂದರೆ ಹೇಗೆ ಮೇಡಂ? ನನ್ನ ಫೋನನ್ನು ಬೇಕಾದರೆ ಕೇಳಲಿ. ಮುಚ್ಚಿಡುವಂಥದ್ದು ನನ್ನಲ್ಲಿ ಏನೂ ಇಲ್ಲ.
— ನಿವೃತ್ತ ಮುಖ್ಯೋಪಾಧ್ಯಾಯರು, ಬಳ್ಳಾರಿ

ಉತ್ತರ: ಗುರುಗಳೇ, ನಿಮ್ಮ ಅಂಜಿಕೆಯನ್ನು ನಾನು ಹಗುರವಾಗಿ ತೆಗೆದುಕೊಳ್ಳುವುದಿಲ್ಲ. ಡಿಸೆಂಬರ್ 18ರಂದು ನಾಲ್ಕು ರಾಜ್ಯಗಳ 19 ಕಡೆ ಶೋಧ ನಡೆದು ಎಂಟು ಜನರ ಬಂಧನವಾಯಿತು ಎಂಬ ಸುದ್ದಿ ಬಂದಾಗ ನಾನು ರಾಯಚೂರಿನಲ್ಲಿ ವಕೀಲರ ಕೊಠಡಿಯಲ್ಲಿದ್ದೆ. ಬಳ್ಳಾರಿ ಕಡೆಯ ಕಿರಿಯ ವಕೀಲನೊಬ್ಬ ಒಂದೇ ತಾಸಿನಲ್ಲಿ ಮೂರು ಸಲ ಮನೆಗೆ ಫೋನ್ ಮಾಡಿದ. ಆರೋಪಿಗಳ ತಪ್ಪು-ಒಪ್ಪು ನ್ಯಾಯಾಲಯಕ್ಕೆ ಬಿಟ್ಟ ವಿಷಯ. ಆದರೆ ಬಾಂಬ್ ಸಿಡಿಯುವ ಮುಂಚೆಯೇ ತಡೆಯಬೇಕು ಎಂಬುದರಲ್ಲಿ ನಿಮಗೂ ನನಗೂ ಕೂದಲೆಳೆಯಷ್ಟೂ ಭೇದವಿಲ್ಲ.

ಫೋನ್ ಕೇಳಲೇಬಾರದು ಎಂದು ನಾನು ಬರೆದಿಲ್ಲ. 2008ರ ನವೆಂಬರ್ 26ರ ರಾತ್ರಿ ಮುಂಬೈಗೆ ನುಗ್ಗಿದವರು 166 ಜನರ ಪ್ರಾಣ ತೆಗೆದರು. ದಾಳಿ ಇನ್ನೂ ನಡೆಯುತ್ತಿದ್ದಾಗಲೇ, ಒಳಗೆ ಅಡಗಿದ್ದವರಿಗೆ ಪಾಕಿಸ್ತಾನದಿಂದ ಆದೇಶ ಕೊಡುತ್ತಿದ್ದ ಕರೆಗಳನ್ನು ನಮ್ಮ ಪೊಲೀಸರು ಹಿಡಿದು ಧ್ವನಿಮುದ್ರಿಸಿಕೊಂಡರು. ಕಸಬ್‌ನ ವಿಚಾರಣೆಯಲ್ಲಿ ಅವು ಸಾಕ್ಷ್ಯವಾದವು. ಹಾಗೆ ಕೇಳಿಸಿಕೊಂಡ ಅಧಿಕಾರಿಗಳಿಗೆ ನಾನು ಕೈ ಮುಗಿಯುತ್ತೇನೆ. ಯಾರ ಮೇಲೆ ಸಂಶಯವಿದೆಯೋ ಅವರ ಫೋನ್, ಆ ಸಂಶಯಕ್ಕೆ ಒಂದು ಕಾರಣ, ಆ ಕಾರಣಕ್ಕೆ ಒಂದು ಕಾಗದ. ಇಷ್ಟಿದ್ದರೆ ನನ್ನ ತಕರಾರಿಲ್ಲ. ನೀವು ಕೊಡಲು ಹೊರಟಿರುವುದು ಇದಲ್ಲ. ಕಾರಣವೇ ಇಲ್ಲದೆ ನನ್ನದನ್ನೂ ಕೇಳಲಿ ಎನ್ನುತ್ತಿದ್ದೀರಿ. ನನ್ನ ಜಗಳ ಇರುವುದು ಅಲ್ಲಿ.

ಇದನ್ನು ನಾನು ಪುಸ್ತಕದಿಂದ ಕಲಿತವಳಲ್ಲ. ವಕೀಲಿಕೆಗೆ ಬರುವ ಮುಂಚೆ, 1980ರ ದಶಕದಲ್ಲಿ, ಈ ಭಾಗದ ಒಂದು ಪಟ್ಟಣದ ದೂರವಾಣಿ ಕೇಂದ್ರದಲ್ಲಿ ಟ್ರಂಕ್ ಕಾಲ್ ಆಪರೇಟರ್ ಆಗಿದ್ದೆ. ಕರೆ ಬುಕ್ ಮಾಡಿದವರು ತಾಸುಗಟ್ಟಲೆ ಕಾಯುತ್ತಿದ್ದ ಕಾಲ ಅದು. ಲೈನ್ ಸರಿಯಾಗಿದೆಯೇ ಎಂದು ನೋಡಲು ನಾವು ನಡುವೆ ಕಿವಿ ಕೊಡಲೇಬೇಕಾಗುತ್ತಿತ್ತು. ಹಾಗೆ ಕೊಟ್ಟ ಕಿವಿಗೆ ಮಾತು ಬೀಳುತ್ತಿತ್ತು. ಸಾವಿನ ಸುದ್ದಿ, ಹೆರಿಗೆಯ ಸುದ್ದಿ, ಸಾಲದ ಮಾತು. ಕೇಳಿದ್ದನ್ನು ಹೊರಗೆ ಆಡಿದರೆ ಮೂರು ವರ್ಷದವರೆಗೆ ಜೈಲು ಎಂದು 1885ರ ಟೆಲಿಗ್ರಾಫ್ ಕಾಯ್ದೆ ಹೇಳುತ್ತಿತ್ತು. ಕೆಲಸಕ್ಕೆ ಸೇರಿದ ದಿನ ಹಿರಿಯರೊಬ್ಬರು ಅದನ್ನು ನಮಗೆ ಓದಿ ಹೇಳಿದ್ದರು.

ಒಂದು ಸಂಜೆ ಗುಂಟೂರಿನಿಂದ ನಮ್ಮ ಊರಿನ ಹತ್ತಿ ವ್ಯಾಪಾರಿಯೊಬ್ಬರಿಗೆ ಅರ್ಜೆಂಟ್ ಕಾಲ್ ಬಂತು. ಧಾರಣೆ ಏರುವ ಸೂಚನೆಯಿದೆ, ನಾಳೆ ಸಿಕ್ಕಷ್ಟು ಹಿಡಿಯಿರಿ ಎಂಬುದು ಮಾತಿನ ಸಾರ. ಕರೆ ಜೋಡಿಸಿದ ನನ್ನ ಸಹೋದ್ಯೋಗಿಯ ಭಾವಮೈದುನನದು ದಲಾಲಿ ಅಂಗಡಿ. ಮರುದಿನ ಬೆಳಗ್ಗೆ ಮಾರುಕಟ್ಟೆಯಲ್ಲಿ ಆ ವ್ಯಾಪಾರಿ ಅಂಡಿಗೆಗೆ ಕೈ ಹಾಕುವ ಮುಂಚೆಯೇ ಭಾವಮೈದುನ ಕೈ ಹಾಕಿದ್ದ. ಗುರುಗಳೇ, ಆ ವ್ಯಾಪಾರಿ ಕಳ್ಳನಲ್ಲ, ಉಗ್ರನಲ್ಲ. ಮುಚ್ಚಿಡುವಂಥ ಪಾಪವನ್ನೂ ಮಾಡಿರಲಿಲ್ಲ. ಅವರ ಬಳಿ ಇದ್ದದ್ದು ತಮ್ಮದೇ ಆದ ಒಂದು ಮಾತು. ಕೇಳಿಸಿಕೊಂಡವನಿಗೆ ಒಬ್ಬ ಭಾವಮೈದುನನಿದ್ದ, ಅಷ್ಟೇ. ನಾನು ದೂರು ಕೊಡಲಿಲ್ಲ. ಇಪ್ಪತ್ತೆರಡು ವರ್ಷದ ಹುಡುಗಿ, ಕೆಲಸ ಹೋದೀತೆಂಬ ಭಯ. ಆ ಮೌನ ಇಂದಿಗೂ ನನ್ನನ್ನು ಚುಚ್ಚುತ್ತದೆ.

ಇನ್ನೊಂದು ಸಲ, ನಿಶ್ಚಯವಾಗಿದ್ದ ಮದುವೆಯೊಂದು ಮುರಿದುಬಿದ್ದ ಸುದ್ದಿ ಹುಡುಗಿಯ ತಾಯಿಗಿಂತ ಮೊದಲು ನನಗೆ ಗೊತ್ತಾಯಿತು. ಮರುದಿನ ಆಕೆ ತರಕಾರಿ ಮಾರುಕಟ್ಟೆಯಲ್ಲಿ ಎದುರಾದಾಗ ನಾನು ತಲೆ ತಗ್ಗಿಸಿ ಪಕ್ಕದ ಓಣಿಗೆ ಹೊರಳಿಕೊಂಡೆ. ಆ ತಾಯಿಗೆ ಏನೂ ತಿಳಿಯದು. ಆದರೂ ನಮ್ಮಿಬ್ಬರ ನಡುವೆ ಆ ಹೊತ್ತಿಗೆ ಅವರು ಕಡಿಮೆಯಾಗಿದ್ದರು, ನಾನು ಹೆಚ್ಚಾಗಿದ್ದೆ.

ನಿಮ್ಮ ಫೋನಿನಲ್ಲಿ ಏನಿದೆ ಎಂದು ಒಮ್ಮೆ ನೆನಪು ಮಾಡಿಕೊಳ್ಳಿ. ಮನೆಯವರ ವೈದ್ಯಕೀಯ ವರದಿ ಇರಬಹುದು. ಹೊಲ ಹಂಚಿಕೆಗಾಗಿ ಮಕ್ಕಳು ಆಡಿದ ಕಟು ಮಾತು ಇರಬಹುದು. ಹಳೆಯ ವಿದ್ಯಾರ್ಥಿನಿಯೊಬ್ಬಳು ಅಪ್ಪನಿಗೆ ಹೇಳಲಾಗದ್ದನ್ನು ನಿಮ್ಮಲ್ಲಿ ಹೇಳಿಕೊಂಡಿರಬಹುದು. ಅದೆಲ್ಲ ನಿಮ್ಮೊಬ್ಬರದ್ದಲ್ಲ, ನಿಮ್ಮನ್ನು ನಂಬಿ ಮಾತಾಡಿದವರದ್ದು. ಅವರ ಪರವಾಗಿ ‘ಕೇಳಲಿ ಬಿಡಿ’ ಎನ್ನುವ ಹಕ್ಕು ನಿಮಗೆ ಎಲ್ಲಿಂದ ಬಂತು? ಕಟುವಾಗಿ ಕೇಳುತ್ತಿದ್ದೇನೆ, ಮನ್ನಿಸಿ.

ಈಗ ಕಾನೂನಿಗೆ ಬರುತ್ತೇನೆ. ನಮ್ಮ ರಾಜ್ಯಕ್ಕೆ ಈ ವಿಷಯ ಹೊಸದಲ್ಲ. 1988ರ ಆಗಸ್ಟ್‌ನಲ್ಲಿ ದೂರವಾಣಿ ಕದ್ದಾಲಿಕೆಯ ಆರೋಪದ ನಡುವೆಯೇ ರಾಮಕೃಷ್ಣ ಹೆಗಡೆಯವರು ಮುಖ್ಯಮಂತ್ರಿ ಸ್ಥಾನಕ್ಕೆ ರಾಜೀನಾಮೆ ಕೊಟ್ಟರು. ಕದ್ದಾಲಿಕೆಗೆ ಕಡಿವಾಣ ಬೇಕೆಂದು ಪೀಪಲ್ಸ್ ಯೂನಿಯನ್ ಫಾರ್ ಸಿವಿಲ್ ಲಿಬರ್ಟೀಸ್ ಸಂಘಟನೆ ಹೂಡಿದ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟ್ 1996ರ ಡಿಸೆಂಬರ್‌ನಲ್ಲಿ ತೀರ್ಪು ಕೊಟ್ಟಿತು. ಗೃಹ ಕಾರ್ಯದರ್ಶಿಯ ಆದೇಶ ಬೇಕು, ಅದಕ್ಕೆ ಎರಡು ತಿಂಗಳ ಅವಧಿ, ಎಷ್ಟು ವಿಸ್ತರಿಸಿದರೂ ಆರು ತಿಂಗಳು ಮೀರಕೂಡದು, ಮೇಲೊಂದು ಪರಿಶೀಲನಾ ಸಮಿತಿ ಇರಬೇಕು ಎಂದಿತು. ಟೆಲಿಗ್ರಾಫ್ ಕಾಯ್ದೆಯ ಜಾಗಕ್ಕೆ ಈಗ 2023ರ ದೂರಸಂಪರ್ಕ ಕಾಯ್ದೆ ಬಂದಿದೆ, 2024ರ ಡಿಸೆಂಬರ್‌ನಲ್ಲಿ ಹೊಸ ನಿಯಮಗಳೂ ಬಂದಿವೆ. ಆದರೆ ಚೌಕಟ್ಟು ಹಳೆಯದೇ: ಆದೇಶ ಕೊಡುವವರೂ ಸರ್ಕಾರದ ಕಾರ್ಯದರ್ಶಿ, ಅದನ್ನು ಪರಿಶೀಲಿಸುವವರೂ ಸರ್ಕಾರದ ಕಾರ್ಯದರ್ಶಿಗಳೇ. ನಡುವೆ ಒಬ್ಬ ನ್ಯಾಯಾಧೀಶರೂ ಇಲ್ಲ. ಮನೆ ಶೋಧಿಸಲು ಮ್ಯಾಜಿಸ್ಟ್ರೇಟರ ವಾರಂಟ್ ಎಂಬ ಪದ್ಧತಿಯಾದರೂ ಇದೆ. ಮನೆಗಿಂತ ಹೆಚ್ಚು ಗುಟ್ಟು ಇಟ್ಟುಕೊಂಡಿರುವ ಫೋನಿಗೆ ಅದೂ ಇಲ್ಲ.

ಆ ಸಮಿತಿ ಎಷ್ಟು ಪರಿಶೀಲಿಸಬಲ್ಲದು? ಖಾಸಗಿ ಮಾಹಿತಿಯ ರಕ್ಷಣೆಗೆ ಕಾನೂನು ಸೂಚಿಸಲು ಕೇಂದ್ರ ನೇಮಿಸಿದ್ದ ನ್ಯಾಯಮೂರ್ತಿ ಬಿ.ಎನ್. ಶ್ರೀಕೃಷ್ಣ ಅವರ ಸಮಿತಿ 2018ರ ತನ್ನ ವರದಿಯಲ್ಲಿ ಒಂದು ಅಂಕಿ ಕೊಟ್ಟಿದೆ. ಎರಡು ತಿಂಗಳಿಗೊಮ್ಮೆ ಸೇರುವ ಪರಿಶೀಲನಾ ಸಮಿತಿಯ ಮುಂದೆ ಪ್ರತಿ ಸಭೆಯಲ್ಲೂ 15,000ದಿಂದ 18,000 ಆದೇಶಗಳು ಇರುತ್ತವೆ. ನೀವು ಉತ್ತರಪತ್ರಿಕೆ ತಿದ್ದಿದವರು, ಲೆಕ್ಕ ಹಾಕಿ ನೋಡಿ. ಒಂದಕ್ಕೆ ಒಂದೇ ನಿಮಿಷ ಕೊಟ್ಟರೂ 15,000ಕ್ಕೆ 250 ತಾಸು. ಊಟ, ನಿದ್ದೆ ಬಿಟ್ಟು ಕುಳಿತರೂ ಹತ್ತು ಹಗಲು, ಹತ್ತು ರಾತ್ರಿ. ಆ ಪರಿಶೀಲನಾ ಸಮಿತಿಯ ಅಧ್ಯಕ್ಷರಾದ ಸಂಪುಟ ಕಾರ್ಯದರ್ಶಿಯವರಿಗೆ ಅಷ್ಟು ಪುರುಸೊತ್ತು ಇರಲಾರದು. ಓದದೆ ದಾಟಿದ ಆ ಆದೇಶಗಳಲ್ಲಿ ಎಷ್ಟು ಉಗ್ರರ ಮೇಲಿನವು, ಎಷ್ಟು ಎದುರಾಳಿ ರಾಜಕಾರಣಿಯ, ವರದಿಗಾರನ, ಗುತ್ತಿಗೆದಾರನ ಮೇಲಿನವು ಎಂದು ಹೇಳಬಲ್ಲವರು ಯಾರು? ಲಂಚದ ಪ್ರಕರಣವೊಂದರಲ್ಲಿ ಸಿಬಿಐ ಮಾಡಿಸಿದ ಕದ್ದಾಲಿಕೆಯ ಆದೇಶಗಳನ್ನು ಬಾಂಬೆ ಹೈಕೋರ್ಟ್ 2019ರಲ್ಲಿ ರದ್ದು ಮಾಡಿತು, ಅದರಲ್ಲಿ ಸಾರ್ವಜನಿಕ ಸುರಕ್ಷತೆಯ ಪ್ರಶ್ನೆಯೇ ಇಲ್ಲ ಎಂದು. ಅಧಿಕಾರವನ್ನು ಒಂದು ಕೆಲಸಕ್ಕೆಂದು ಪಡೆದು ಇನ್ನೊಂದಕ್ಕೆ ಬಳಸುವುದು ಹೀಗೆ ನಡೆಯುತ್ತದೆ.

ನಾನು ಕೇಳುವುದು ದೊಡ್ಡದೇನಲ್ಲ. ಆದೇಶ ಜಾರಿಗೆ ಬರುವ ಮುಂಚೆ ಒಬ್ಬ ನ್ಯಾಯಾಧೀಶರು ಅದನ್ನು ಓದಲಿ. ಗುಟ್ಟಾಗಿಯೇ ಓದಲಿ, ರಾತ್ರಿ ಎರಡಕ್ಕೆ ಎಬ್ಬಿಸಿಯಾದರೂ ಓದಿಸಲಿ. ಬ್ರಿಟನ್ 2016ರ ಕಾಯ್ದೆಯಲ್ಲಿ ಮಂತ್ರಿಯ ಸಹಿಯ ಮೇಲೆ ನ್ಯಾಯಾಂಗದ ಒಪ್ಪಿಗೆಯನ್ನೂ ಕಡ್ಡಾಯ ಮಾಡಿತು. ಅವರಿಗೂ ಬಾಂಬಿನ ಭಯ ಇಲ್ಲದಿಲ್ಲ.

ಎಲ್ಲರದನ್ನೂ ಕೇಳಿದರೆ ಉಗ್ರ ಸಿಕ್ಕೇ ಸಿಗುತ್ತಾನೆ ಎಂಬ ನಂಬಿಕೆಯನ್ನೂ ನಾನು ಒಪ್ಪಲಾರೆ. ಮುಂಬೈ ದಾಳಿಗೆ ಜಾಗ ನೋಡಿಕೊಂಡು ಹೋದ ಡೇವಿಡ್ ಹೆಡ್ಲಿಯ ಬಗ್ಗೆ ಅವನ ಹೆಂಡತಿಯೊಬ್ಬಳು ಇಸ್ಲಾಮಾಬಾದಿನ ಅಮೆರಿಕ ರಾಯಭಾರ ಕಚೇರಿಗೆ ದಾಳಿಗೆ ಮುಂಚೆಯೇ ದೂರು ಕೊಟ್ಟಿದ್ದಳು. ಮಾಹಿತಿ ಇತ್ತು. ಅದನ್ನು ಕೈಗೆತ್ತಿಕೊಂಡು ಬೆನ್ನು ಹತ್ತುವವರು ಇರಲಿಲ್ಲ. ಅಮೆರಿಕ ತನ್ನ ಜನರ ಫೋನ್ ಕರೆಗಳ ವಿವರವನ್ನು ಸಾರಾಸಗಟಾಗಿ ಕೂಡಿಡುತ್ತಿದ್ದುದನ್ನು 2013ರಲ್ಲಿ ಅಲ್ಲಿನ ಗುಪ್ತಚರ ಸಂಸ್ಥೆಗೆ ಕೆಲಸ ಮಾಡಿದ್ದ ಎಡ್ವರ್ಡ್ ಸ್ನೋಡೆನ್ ಬಯಲು ಮಾಡಿದರು. ಅದನ್ನು ಪರಿಶೀಲಿಸಿದ ಅಲ್ಲಿನ ಸರ್ಕಾರದ್ದೇ ಮಂಡಳಿಯೊಂದು 2014ರ ಜನವರಿಯಲ್ಲಿ ಕೊಟ್ಟ ವರದಿಯ ಪ್ರಕಾರ, ಆ ಸಂಗ್ರಹದಿಂದ ಭಯೋತ್ಪಾದನೆಯ ತನಿಖೆಯೊಂದರ ಫಲಿತಾಂಶ ಬದಲಾದ ಒಂದು ನಿದರ್ಶನವೂ ಸಿಗಲಿಲ್ಲ. ಮರುವರ್ಷ ಅಲ್ಲಿನ ಸಂಸತ್ತು ಆ ಸಾರಾಸಗಟು ಸಂಗ್ರಹವನ್ನು ನಿಲ್ಲಿಸಿತು.

ಇನ್ನು ನೀವು ಹೇಳಿದ ಬಸ್ ನಿಲ್ದಾಣ. 2024ರ ಮಾರ್ಚ್ 1ರಂದು ಕೆಫೆಯಲ್ಲಿ ಸ್ಫೋಟವಾಯಿತು. ತನಿಖೆಯವರು ಸಿಸಿಟಿವಿ ದೃಶ್ಯಗಳ ಬೆನ್ನು ಹತ್ತಿ ಬಳ್ಳಾರಿಯವರೆಗೂ ಬಂದರು. ಏಪ್ರಿಲ್ 12ರಂದು ಪಶ್ಚಿಮ ಬಂಗಾಳದಲ್ಲಿ ಇಬ್ಬರ ಬಂಧನವಾಯಿತು. ಕ್ಯಾಮೆರಾ ಅಲ್ಲಿ ಕೆಲಸಕ್ಕೆ ಬಂತು, ಒಪ್ಪುತ್ತೇನೆ. ಒಬ್ಬ ಮನುಷ್ಯನನ್ನು ಹುಡುಕಲು, ಘಟನೆ ನಡೆದ ಮೇಲೆ, ಲೆಕ್ಕಕ್ಕೆ ಸಿಗುವ ಅಧಿಕಾರಿಗಳು ಅದನ್ನು ನೋಡಿದರು. ಆದರೆ ಅದೇ ದೃಶ್ಯದಲ್ಲಿ ಸಿರುಗುಪ್ಪದ ಬಸ್ಸಿಗೆ ಓಡುತ್ತಿದ್ದ ನರ್ಸ್ ಇದ್ದಾಳೆ, ಗುಳೆ ಹೊರಟ ಕುಟುಂಬ ಇದೆ, ಮನೆಯವರಿಗೆ ಹೇಳದೆ ಸಂದರ್ಶನಕ್ಕೆ ಹೊರಟ ಹುಡುಗಿ ಇದ್ದಾಳೆ. ಅವರ ಚಿತ್ರವನ್ನು ಎಷ್ಟು ದಿನ ಇಡುತ್ತಾರೆ, ಯಾರು ನೋಡಬಹುದು, ಯಾವಾಗ ಅಳಿಸುತ್ತಾರೆ ಎಂದು ಕೇಳುವುದು ದೇಶದ್ರೋಹವಲ್ಲ. ಖಾಸಗಿತನ ಮೂಲಭೂತ ಹಕ್ಕು ಎಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳು 2017ರ ಆಗಸ್ಟ್ 24ರಂದು ಒಮ್ಮತದಿಂದ ಹೇಳಿದರು. ಆ ಪ್ರಕರಣಕ್ಕೆ ಕಾರಣರಾದವರು ನಮ್ಮದೇ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. ಎಂಬತ್ತು ದಾಟಿದ ವಯಸ್ಸಿನಲ್ಲಿ ಅರ್ಜಿ ಹಾಕಿದರು. ಅವರಲ್ಲಿಯೂ ಮುಚ್ಚಿಡುವಂಥದ್ದು ಏನೂ ಇರಲಿಲ್ಲ, ಗುರುಗಳೇ.

ಪ್ರಶ್ನೆ: ಅಕ್ಕಾ, ನಮ್ಮ ಯಜಮಾನರು ಕಾನ್‌ಸ್ಟೆಬಲ್. ಗವಿಮಠದ ಜಾತ್ರೆಗೆ ಲಕ್ಷಗಟ್ಟಲೆ ಜನ ಸೇರುತ್ತಾರೆ. ಬಂದೋಬಸ್ತಿಗೆ ಹೋದವರು ಮನೆಗೆ ಬರುವವರೆಗೆ ನನಗೆ ಊಟ ಇಳಿಯುವುದಿಲ್ಲ. ಯಾರ ಚೀಲದಲ್ಲಿ ಏನಿದೆಯೋ. ಕ್ಯಾಮೆರಾ, ಡ್ರೋನ್, ಮುಖ ಗುರುತಿಸುವ ಯಂತ್ರ ಏನೇ ಬಂದರೂ ನಮಗೆ ಒಳ್ಳೆಯದಲ್ಲವೇ? ನೀವು ಬರೆದದ್ದು ಓದಿ ಸಿಟ್ಟು ಬಂತು.
— ಹೆಸರು ಬೇಡ, ಕೊಪ್ಪಳ

ಉತ್ತರ: ತಂಗೀ, ಈ ಸಲ ಬಂದ ಪತ್ರಗಳಲ್ಲಿ ನಿನ್ನದನ್ನು ಎರಡು ಸಲ ಓದಿದೆ. ಬಾಂಬ್ ಇಟ್ಟವನಿಗೆ ಮೊದಲು ಎದುರಾಗುವವನು ನಿನ್ನ ಗಂಡ. ನಾನು ಕೊಠಡಿಯಲ್ಲಿ ಕುಳಿತು ಬರೆಯುವವಳು. ಆ ವ್ಯತ್ಯಾಸ ನನಗೆ ಗೊತ್ತಿದೆ.

ಜಾತ್ರೆಗೆ ಕ್ಯಾಮೆರಾ ಬೇಕು. ರಥಬೀದಿಯಲ್ಲಿ ನೂಕುನುಗ್ಗಲಾದರೆ, ಮಗು ತಪ್ಪಿಸಿಕೊಂಡರೆ ಅದೇ ಕಣ್ಣು ಕಾಪಾಡುತ್ತದೆ. ಇಂತಲ್ಲಿ ಕ್ಯಾಮೆರಾ ಇದೆ ಎಂದು ಬೋರ್ಡು ಹಾಕಲಿ, ಜಾತ್ರೆ ಮುಗಿದು ನಿಗದಿಯಾದ ದಿನಗಳ ಮೇಲೆ ಅಳಿಸಲಿ. ನನ್ನ ಆಕ್ಷೇಪ ಮುಖ ಗುರುತಿಸುವ ಯಂತ್ರದ ಬಗ್ಗೆ, ಅದನ್ನೂ ನಿನ್ನ ಯಜಮಾನರ ಕಡೆಯಿಂದಲೇ ನೋಡು. ಐದು ಲಕ್ಷ ಜನ ಬಂದರು ಎಂದಿಟ್ಟುಕೊ. ಯಂತ್ರ ಸಾವಿರಕ್ಕೆ ಒಂದು ಮುಖವನ್ನು ಮಾತ್ರ ತಪ್ಪಾಗಿ ಗುರುತಿಸುತ್ತದೆ ಎಂದಿಟ್ಟುಕೊ. ಆಗಲೂ ಐನೂರು ನಿರಪರಾಧಿಗಳ ಮೇಲೆ ‘ಇವನೇ’ ಎಂಬ ಗಂಟೆ ಬಾರಿಸುತ್ತದೆ. ಐನೂರು ಜನರನ್ನು ತಡೆದು, ಚೀಲ ಬಿಚ್ಚಿಸಿ, ಬೈಗುಳ ತಿನ್ನುವವರು ಯಾರು? ಅದೇ ಕಾನ್‌ಸ್ಟೆಬಲ್. ಆ ಹೊತ್ತಿನಲ್ಲಿ ನಿಜವಾದವನು ಇನ್ನೊಂದು ಬಾಗಿಲಿನಿಂದ ಒಳಗೆ ಹೋಗಬಹುದು. ಈ ಯಂತ್ರಕ್ಕೆಂದೇ ನಮ್ಮಲ್ಲಿ ಪ್ರತ್ಯೇಕ ಕಾನೂನೂ ಇಲ್ಲ. ತಪ್ಪಾದರೆ ಯಂತ್ರ ತಯಾರಿಸಿದವರನ್ನು ಯಾರೂ ಅಮಾನತು ಮಾಡುವುದಿಲ್ಲ.

ಹಳೆಯ ಕಾಲದ ಬೀಟ್ ಪೊಲೀಸರಿಗೆ ಓಣಿಯ ಪ್ರತಿ ಮನೆ ಗೊತ್ತಿತ್ತು. ಹೊಸ ಬಾಡಿಗೆದಾರ ಬಂದರೆ ಕಿರಾಣಿ ಅಂಗಡಿಯವರೇ ಹೇಳುತ್ತಿದ್ದರು. ಜನ ಹಾಗೆ ಬಂದು ಹೇಳಬೇಕಾದರೆ ಠಾಣೆಯ ಮೇಲೆ ನಂಬಿಕೆ ಇರಬೇಕು. ಒಂದು ಓಣಿಯವರನ್ನೆಲ್ಲ ಸಂಶಯದಿಂದ ನೋಡಿದರೆ ಆ ಓಣಿಯಿಂದ ಸುಳಿವು ಬರುವುದು ನಿಲ್ಲುತ್ತದೆ. ಠಾಣೆಗೆ ಇನ್ನೂ ಹತ್ತು ಜನ ಸಿಬ್ಬಂದಿ, ನಿನ್ನ ಯಜಮಾನರಿಗೆ ವಾರಕ್ಕೊಂದು ನಿಜವಾದ ರಜೆ, ಒಳ್ಳೆಯ ರಕ್ಷಾ ಕವಚ. ಹಣವಿದ್ದರೆ ನಾನು ಮೊದಲು ಖರ್ಚು ಮಾಡುವುದು ಅಲ್ಲಿ. ನಿನ್ನ ಸಿಟ್ಟು ಕಡಿಮೆಯಾಗದಿದ್ದರೆ ಮತ್ತೆ ಬರೆ.

ಪ್ರಶ್ನೆ: ಅಂಜನಾದ್ರಿ, ಆನೆಗೊಂದಿಗೆ ಬರುವವರಿಗಾಗಿ ಚಿಕ್ಕ ಲಾಡ್ಜ್ ನಡೆಸುತ್ತೇನೆ. 2025ರ ಮಾರ್ಚ್‌ನಲ್ಲಿ ಸಾಣಾಪುರದ ಬಳಿ ಪ್ರವಾಸಿಗರ ಮೇಲೆ ನಡೆದ ಅತ್ಯಾಚಾರ, ಕೊಲೆಯ ಕೃತ್ಯದ ನಂತರ ತಪಾಸಣೆ ಬಿಗಿಯಾಗಿದೆ, ಅದು ಸರಿ. ಆದರೆ ಠಾಣೆಯವರೊಬ್ಬರು ದಿನಾ ರಾತ್ರಿ ಎಲ್ಲ ಅತಿಥಿಗಳ ಆಧಾರ್ ಫೋಟೋವನ್ನು ವಾಟ್ಸ್ಆ್ಯಪ್ ಗುಂಪಿಗೆ ಹಾಕು ಎನ್ನುತ್ತಾರೆ. ಭದ್ರತೆಯ ವಿಷಯ ಎನ್ನುತ್ತಾರೆ. ಹಾಕಲೇಬೇಕೇ?
— ಲಾಡ್ಜ್ ಮಾಲೀಕರು, ಗಂಗಾವತಿ

ಉತ್ತರ: ಅಣ್ಣಾ, ಅತಿಥಿಗಳ ಹೆಸರು, ವಿಳಾಸ, ಬಂದ-ಹೋದ ಹೊತ್ತಿನ ರಿಜಿಸ್ಟರನ್ನು ತಪ್ಪದೆ ಇಡಿ. ವಿದೇಶಿಯರು ಉಳಿದುಕೊಂಡರೆ 24 ತಾಸಿನೊಳಗೆ ನಿಗದಿತ ನಮೂನೆಯಲ್ಲಿ, ನೀವೆಲ್ಲ ‘ಫಾರ್ಮ್ ಸಿ’ ಎನ್ನುವುದರಲ್ಲಿ, ಆನ್‌ಲೈನ್ ಮಾಹಿತಿ ಕೊಡಿ. ಅದರಲ್ಲಿ ಸಡಿಲ ಬೇಡ. ಠಾಣೆಯವರು ಬಂದು ರಿಜಿಸ್ಟರ್ ನೋಡುತ್ತೇವೆ ಎಂದರೆ ತೋರಿಸಿ, ಚಹಾ ಕೊಡಿ. ಯಾವುದಾದರೂ ಪ್ರಕರಣಕ್ಕೆ ದಾಖಲೆ ಬೇಕಿದ್ದರೆ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 94ನೇ ಕಲಂ ಅಡಿ ಠಾಣಾಧಿಕಾರಿ ಲಿಖಿತ ಆದೇಶ ಕೊಡುತ್ತಾರೆ. ಕೊಟ್ಟ ದಿನವೇ ಪ್ರತಿ ಒದಗಿಸಿ, ಸ್ವೀಕೃತಿ ಪಡೆಯಿರಿ.

ವಾಟ್ಸ್ಆ್ಯಪ್ ಗುಂಪಿನ ಮಾತು ಬೇರೆ. ಒಂಟಿಯಾಗಿ ಬಂದ ಹೆಣ್ಣುಮಗಳೊಬ್ಬಳ ಫೋಟೋ, ಮನೆ ವಿಳಾಸ, ಈ ರಾತ್ರಿ ಯಾವ ಲಾಡ್ಜಿನಲ್ಲಿದ್ದಾಳೆ ಎಂಬ ವಿವರ ಮೂವತ್ತು ಜನರ ಸ್ವಂತ ಮೊಬೈಲಿನಲ್ಲಿ ಬಿದ್ದಿದ್ದರೆ, ಅದನ್ನು ಭದ್ರತೆ ಎನ್ನಲು ನನಗೆ ಬಾಯಿ ಬರುವುದಿಲ್ಲ. ಸಾಣಾಪುರದ ಹೆಸರು ಹೇಳಿ ಇದನ್ನು ಕೇಳುವುದು ಇನ್ನೂ ನೋವಿನ ಸಂಗತಿ. ವಿನಯದಿಂದ ಒಂದು ಪತ್ರ ಬರೆಯಿರಿ: ‘ರಿಜಿಸ್ಟರ್ ಯಾವ ಹೊತ್ತಿನಲ್ಲಾದರೂ ಪರಿಶೀಲನೆಗೆ ಸಿದ್ಧವಿದೆ. ಗುರುತಿನ ಚೀಟಿಯ ಪ್ರತಿ ಕಳಿಸಬೇಕಿದ್ದರೆ ಲಿಖಿತ ಆದೇಶವನ್ನೂ ಕಚೇರಿಯ ಅಧಿಕೃತ ಇಮೇಲ್ ವಿಳಾಸವನ್ನೂ ಕೊಡಿ.’ ಠಾಣೆಯಲ್ಲಿ ಕೊಟ್ಟು ಮುದ್ರೆ ಹಾಕಿಸಿಕೊಳ್ಳಿ. ಅತಿಥಿಗಳಿಂದಲೂ ಮೊದಲ ಎಂಟು ಅಂಕಿ ಮರೆಮಾಡಿದ ಆಧಾರ್ ಪ್ರತಿಯನ್ನೇ ತೆಗೆದುಕೊಳ್ಳಿ. ಆಧಾರ್ ಪ್ರಾಧಿಕಾರವೇ ಆ ಅನುಕೂಲ ಮಾಡಿಕೊಟ್ಟಿದೆ.

ಪ್ರಶ್ನೆ: ರಾತ್ರಿ ಲೈಬ್ರರಿಯಿಂದ ಬರುವಾಗ ಪೊಲೀಸರು ತಡೆದು ಫೋನ್ ಲಾಕ್ ತೆಗೆ ಎಂದರು. ತೆಗೆದೆ. ಗ್ಯಾಲರಿ, ಮೆಸೇಜ್ ಎಲ್ಲ ನೋಡಿ ವಾಪಸ್ ಕೊಟ್ಟರು. ನಿರಾಕರಿಸಬಹುದಿತ್ತೇ?
— ಎಂಜಿನಿಯರಿಂಗ್ ವಿದ್ಯಾರ್ಥಿ, ರಾಯಚೂರು

ಉತ್ತರ: ತಮ್ಮಾ, ದಾರಿಯಲ್ಲಿ ಹೋಗುವವರ ಫೋನನ್ನು ಪ್ರಕರಣವೂ ಇಲ್ಲದೆ ಬಿಚ್ಚಿ ನೋಡುವ ಅಧಿಕಾರವನ್ನು ಯಾವ ಕಾನೂನೂ ಕೊಟ್ಟಿಲ್ಲ. 2021ರ ಮಾರ್ಚ್‌ನಲ್ಲಿ ವೀರೇಂದ್ರ ಖನ್ನಾ ಪ್ರಕರಣದಲ್ಲಿ ಕರ್ನಾಟಕ ಹೈಕೋರ್ಟ್, ತನಿಖೆಯ ಅಗತ್ಯಕ್ಕೆ ಪಾಸ್‌ವರ್ಡ್ ಕೊಡುವಂತೆ ನ್ಯಾಯಾಲಯ ನಿರ್ದೇಶಿಸಬಹುದು, ಫೋನಿನ ಶೋಧಕ್ಕೆ ಸಾಮಾನ್ಯವಾಗಿ ವಾರಂಟ್ ಬೇಕು, ತುರ್ತಿನಲ್ಲಿ ವಾರಂಟ್ ಇಲ್ಲದೆ ಶೋಧಿಸುವುದಾದರೆ ಕಾರಣವನ್ನು ಬರೆದಿಡಬೇಕು ಎಂದಿದೆ. ಈಗಿನ ನಾಗರಿಕ ಸುರಕ್ಷಾ ಸಂಹಿತೆಯ 105ನೇ ಕಲಂ ಪ್ರಕಾರ ಶೋಧ ಮತ್ತು ಜಪ್ತಿಯನ್ನು ವಿಡಿಯೊದಲ್ಲಿ ದಾಖಲಿಸಲೂಬೇಕು.

ಆದರೆ ಕತ್ತಲಲ್ಲಿ, ಒಬ್ಬನೇ ಇದ್ದಾಗ ವಾದಕ್ಕೆ ನಿಲ್ಲಬೇಡ. ಜೋರು ದನಿ ಬೇಡ, ಓಡಬೇಡ. ‘ಸರ್, ಯಾವ ಪ್ರಕರಣ? ನೋಟಿಸ್ ಕೊಡಿ, ನಾಳೆ ಅಪ್ಪನ ಜೊತೆ ಠಾಣೆಗೆ ಬರುತ್ತೇನೆ’ ಎಂದು ಕೇಳು. ತಡೆದವರ ಎದೆಯ ಮೇಲಿನ ಹೆಸರು, ಹೊತ್ತು, ಜಾಗವನ್ನು ಮನೆಗೆ ಬಂದ ತಕ್ಷಣ ಬರೆದಿಡು. ನಡೆದದ್ದನ್ನು ಒಂದು ಪುಟದಲ್ಲಿ ಬರೆದು ಜಿಲ್ಲಾ ಪೊಲೀಸ್ ವರಿಷ್ಠಾಧಿಕಾರಿಗಳ ಕಚೇರಿಗೆ ನೋಂದಾಯಿತ ಅಂಚೆಯಲ್ಲಿ ಕಳಿಸು. ಭಯವಾದರೆ ಮೊದಲು ನನಗೆ ಕಳಿಸು. ಪತ್ರಿಕೆಯ ವಿಳಾಸಕ್ಕೆ ಬಂದರೆ ಸಾಕು, ಓದಿ, ತಿದ್ದಿ, ನಾನೇ ಜೊತೆಗೆ ಬರುತ್ತೇನೆ.